ಅತ್ತೆ ಬೈದದ್ದೇ ಸರಿಯುತ್ತರ

ತಾಂಗ್ ವೆನ್‌ಲಾನ್‌ಗೆ ಇಂಗ್ಲಿಷ್ ವ್ಯಾಕರಣವೆಂದರೆ ನೀರು ಕುಡಿದಷ್ಟು ಸಲೀಸು. ಯಾವ ವಾಕ್ಯದಲ್ಲಿ ಕ್ರಿಯಾಪದ ದಾರಿ ತಪ್ಪಿದೆ, ಎಲ್ಲಿ ಇರಬೇಕಾದ್ದು ಇಲ್ಲ, ಎಲ್ಲಿ ಇರಬಾರದ್ದು ಬಂದು ಕೂತಿದೆ, ಎಲ್ಲವನ್ನೂ ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸಿ ಎಸೆಯುತ್ತಿದ್ದಳು. ಹಾಗಿದ್ದೂ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಬಿದ್ದಳು. ಅವಳನ್ನು ಬೀಳಿಸಿದ್ದು ಸಂಭಾಷಣೆ.

ಪ್ರಶ್ನೆಪತ್ರಿಕೆಯ ಆ ಭಾಗದಲ್ಲಿ ಯಾರೋ ಒಬ್ಬರು ಒಂದು ಮಾತಾಡುತ್ತಾರೆ. ಎದುರಿನವರು ಅದಕ್ಕೆ ಏನು ಹೇಳಬೇಕೆಂದು ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಒಬ್ಬಳು ಗೆಳತಿಗೆ ನಿನ್ನ ಕೋಟು ಬಹಳ ಚೆನ್ನಾಗಿದೆ ಅನ್ನುತ್ತಾಳೆ. ವೆನ್‌ಲಾನ್ ಎಳ್ಳಷ್ಟೂ ಅನುಮಾನವಿಲ್ಲದೆ 'ಅಯ್ಯೋ, ಎಲ್ಲಿ ಬಂತು, ಹಳೇದು' ಎಂಬ ಉತ್ತರಕ್ಕೆ ಗುರುತು ಹಾಕಿದಳು. ಅತಿಥಿಗೆ ಚಹಾ ಬೇಕೇ ಎಂದು ಕೇಳುತ್ತಾರೆ. 'ಬೇಡ ಬೇಡ, ನಿಮಗ್ಯಾಕೆ ತೊಂದರೆ' ಎಂಬುದಕ್ಕೆ ಹಾಕಿದಳು. ಮೇಲಧಿಕಾರಿ ನಿನ್ನ ಕೆಲಸ ಅಚ್ಚುಕಟ್ಟು ಅನ್ನುತ್ತಾನೆ. 'ನನ್ನದೇನಿದೆ, ಎಲ್ಲ ನಿಮ್ಮ ಮಾರ್ಗದರ್ಶನ' ಎಂದು ಹಾಕಿ ಬಂದಳು. ಮರ್ಯಾದಸ್ಥರ ಮನೆಯ ಹೆಂಗಸು ಇನ್ನೇನು ತಾನೇ ಹೇಳಿಯಾಳು? ಎಲ್ಲವೂ ತಪ್ಪು. ಪ್ರಶ್ನೆಪತ್ರಿಕೆ ತೆಗೆಯುವವರೂ ನಮ್ಮವರೇ ನೋಡಿ. ನಾವು ಎಲ್ಲಿ ಬೀಳುತ್ತೇವೆಂದು ಅವರಿಗೆ ಚೆನ್ನಾಗಿ ಗೊತ್ತು. ಅಲ್ಲೇ ಗುಂಡಿ ತೋಡಿ ಮೇಲೆ ಸೊಪ್ಪು ಮುಚ್ಚಿಟ್ಟಿರುತ್ತಾರೆ.

ಹೊಗಳಿದರೆ ಥ್ಯಾಂಕ್ಯೂ ಅನ್ನಬೇಕು, ಕೊಟ್ಟರೆ ತೆಗೆದುಕೊಳ್ಳಬೇಕು ಎಂದು ಅವಳೂ ಬಾಯಿಪಾಠ ಮಾಡಿದ್ದಳು. ಆದರೆ ಗಡಿಯಾರ ಓಡುವಾಗ ಕೈ ಬಾಯಿಪಾಠದ ಮಾತು ಕೇಳುವುದಿಲ್ಲ, ಹುಟ್ಟಿದ ಮನೆಯ ಮಾತು ಕೇಳುತ್ತದೆ. ಎಡವಿದ ಕಾಲೇ ಎಡವುತ್ತದೆ.

ಮೂರನೆಯ ಸಲವೇ ಕೊನೆಯ ಸಲ ಎಂದು ಪ್ರಯೋಗಾಲಯದ ಮುಖ್ಯಸ್ಥ ಹೇಳಿಬಿಟ್ಟಿದ್ದ. ಅವನು ಕೆಟ್ಟವನಲ್ಲ. ಝೆನ್‌ಜಿಯಾಂಗ್‌ನ ಆ ವಿನೆಗರ್ ಕಾರ್ಖಾನೆಯಲ್ಲಿ ವರ್ಷಕ್ಕೊಬ್ಬರಿಗೆ ಮಾತ್ರ ಓದಲು ಒಪ್ಪಿಗೆ, ಸಾಲಿನಲ್ಲಿ ಇನ್ನೂ ಜನ ಇದ್ದರು. ವೆನ್‌ಲಾನ್ ಹುದುಗಿದ ಅಕ್ಕಿಯ ಹುಳಿ ಅಳೆಯುತ್ತಾ ಯೌವನ ಕಳೆದವಳು. ಯಾವ ತೊಟ್ಟಿ ಹದಕ್ಕೆ ಬಂದಿದೆ ಎಂದು ಮೂಗಿನಲ್ಲೇ ಹೇಳುತ್ತಿದ್ದಳು, ಆದರೆ ಒಳಗೆ ಕೂತು ಆ ಹುಳಿ ಮಾಡುವ ಕಣ್ಣಿಗೆ ಕಾಣದ ಜೀವಿಗಳ ಸಂಸಾರ ಹೇಗೆ ನಡೆಯುತ್ತದೆ ಎಂಬುದು ಅವಳಿಗೆ ತಿಳಿಯದು. ಅದನ್ನು ತಿಳಿಯಬೇಕೆಂಬುದು ಅವಳ ಆಸೆ. ಶನಿವಾರ ಭಾನುವಾರ ಅದನ್ನು ಕಲಿಸುವ ವಿಶ್ವವಿದ್ಯಾಲಯ ರೈಲಿಗೆ ಹೋದರೆ ಹತ್ತಿರವೇ ಇತ್ತು. ನಡುವೆ ಅಡ್ಡ ನಿಂತಿದ್ದು ಒಂದು ಕೋಟು, ಒಂದು ಬಟ್ಟಲು ಚಹಾ.

ಮನೆಯಲ್ಲಿ ಅತ್ತೆ ಇದ್ದಳು, ದು ಗುಯಿಫೆನ್. ಯಾಂಗ್ಟ್ಸೆ ದಾಟಿಸುವ ದೋಣಿಕಟ್ಟೆಯಲ್ಲಿ ಟಿಕೆಟ್ ಹರಿದು ನಿವೃತ್ತಳಾದವಳು. ಹಡಗಿನ ಕೂಗಿನ ಮೇಲೆ ಕೂಗಿ ಬದುಕಿದ ಆ ಗಂಟಲು ಮನೆಗೆ ಬಂದರೂ ತಗ್ಗಿರಲಿಲ್ಲ. ಮಗ ಲಾರಿಯಲ್ಲಿ ವಿನೆಗರ್ ಜಾಡಿ ಹೇರಿಕೊಂಡು ಊರೂರು ತಿರುಗುತ್ತಿದ್ದುದರಿಂದ ಸಂಜೆಗಳಲ್ಲಿ ಮನೆ ಎಂದರೆ ಅತ್ತೆ, ಸೊಸೆ, ಮೇಜಿನ ಆ ಕಡೆ ಅಕ್ಷರ ತಿದ್ದುವ ಪುಟ್ಟ ಮಗಳು. ಅತ್ತೆ ಸೊಸೆಯರು ಜಗಳವಾಡಿದವರಲ್ಲ. ಆದರೆ ಒಂದು ವಿಷಯ ವೆನ್‌ಲಾನ್‌ಳ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು.

ಕೆಳಗಿನ ಮನೆಯ ಸೂ ಯುಜೆನ್ ಎಂಬ ಮುದುಕಿ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ವೆನ್‌ಲಾನ್‌ಳನ್ನು ಹೊಗಳುತ್ತಿದ್ದಳು. ಗುಯಿಫೆನ್ ಆಗೆಲ್ಲ ತಪ್ಪದೆ ತೆಗಳುತ್ತಿದ್ದಳು. ಎಂಥ ಚುರುಕು ಸೊಸೆ ನಿನಗೆ ಎಂದು ಅವಳು. ಎಲ್ಲಿ ಬಂತು, ಮಂಕು, ಎರಡು ಸಲ ಬಿದ್ದಿದ್ದಾಳೆ ಎಂದು ಇವಳು. ಎಷ್ಟು ಚೆನ್ನಾಗಿ ಅಡುಗೆ ಮಾಡುತ್ತಾಳೆ ಎಂದು ಅವಳು. ಉಪ್ಪು ಯಾವುದು ಸಕ್ಕರೆ ಯಾವುದು ಗೊತ್ತಿಲ್ಲ ಎಂದು ಇವಳು. ಇದು ರೀತಿ. ತನ್ನ ಮನೆಯವರನ್ನು ತಾನೇ ಹೊಗಳಿಕೊಳ್ಳುವುದು ಬೀದಿಯಲ್ಲಿ ನಿಂತು ತನ್ನ ಬೆನ್ನು ತಾನೇ ತಟ್ಟಿಕೊಂಡ ಹಾಗೆ. ತೆಗಳಿದಳು ಎಂದರೆ ಸ್ವಂತದವಳೆಂದು ಒಪ್ಪಿಕೊಂಡಳು ಎಂದೇ ಅರ್ಥ. ವೆನ್‌ಲಾನ್‌ಗೆ ಇದೆಲ್ಲ ಗೊತ್ತು. ಗೊತ್ತಿದ್ದರೂ ಕಿವಿಗೆ ಬಿದ್ದದ್ದು ಚುಚ್ಚಿಯೇ ಚುಚ್ಚುತ್ತದಲ್ಲ? ಮದುವೆಯಾಗಿ ಬಂದಂದಿನಿಂದ ಅವಳು ಕೇಳಿದ್ದು ಆ ಅರ್ಧ ಮಾತ್ರ. ಬಾಗಿಲು ಹಾಕಿದ ಮೇಲೆ ಮನೆಯೊಳಗೂ ಇನ್ನರ್ಧವನ್ನು ಯಾರೂ ಹೇಳಿರಲಿಲ್ಲ.

ಜೂನ್ ತಿಂಗಳ ಒಂದು ಸಂಜೆ ಅತ್ತೆ ಅಡುಗೆಮನೆಯಲ್ಲಿ ಬಿದಿರಿನ ಮಣೆ ಹಾಕಿಕೊಂಡು ಹಸಿ ಸೋಯಾ ಕಾಳು ಸುಲಿಯುತ್ತಿದ್ದಳು. ಓದಿ ಓದಿ ತಲೆ ಕೆಟ್ಟ ವೆನ್‌ಲಾನ್ ಪುಸ್ತಕ ಹಿಡಿದು ಅಲ್ಲೇ ಬಂದು ನಿಂತಳು. ಅತ್ತೆಗೆ ಇಂಗ್ಲಿಷಿನ ಒಂದಕ್ಷರ ಬಾರದು. ವೆನ್‌ಲಾನ್ ಪ್ರಶ್ನೆಯನ್ನು ಮನೆಮಾತಿಗೆ ತಿರುಗಿಸಿ, ತಮಾಷೆಗೆಂದೇ ಕೇಳಿದಳು.

"ಊಟಕ್ಕೆ ಬಂದವ್ನಿಗೆ ಇನ್ನೊಂಚೂರು ಮಾಂಸ ಹಾಕ್ಲಾ ಅಂತ ಕೇಳ್ತಾರಮ್ಮ. ಅವ್ನೇನು ಹೇಳ್ಬೇಕು?"

"ಸಾಕು, ಹೊಟ್ಟೆ ತುಂಬ್ತು ಅನ್ಬೇಕು. ಇನ್ನೇನು."

"ಹೂಂ ಹಾಕಿ, ರುಚಿಯಾಗಿದೆ ಅಂದ್ರೆ?"

ಗುಯಿಫೆನ್ ಕಾಳು ಸುಲಿಯುವುದನ್ನು ನಿಲ್ಲಿಸಿದಳು. "ಯಾರ್ ಮಗನೇ ಅವ್ನು? ಊಟ ಕಂಡಿಲ್ವಾ ಜನ್ಮದಲ್ಲಿ? ಅವ್ರಮ್ಮ ಏನೂ ಕಲಿಸ್ಲಿಲ್ವಾ?"

ವೆನ್‌ಲಾನ್ ಪುಸ್ತಕದ ಹಿಂಬದಿ ತಿರುವಿ ನೋಡಿದಳು. ಅವರಮ್ಮ ಏನೂ ಕಲಿಸದವನ ಮಾತೇ ಸರಿಯುತ್ತರ. ಇನ್ನೊಂದು ಕೇಳಿದಳು. ಹೊಸ ಮನೆ ಚೆನ್ನಾಗಿದೆ ಎಂದಾಗ, ಹೌದು ನಮಗೂ ಬಹಳ ಇಷ್ಟ ಅನ್ನುವವಳನ್ನು ಗುಯಿಫೆನ್ ಜಂಬದ ಕೋಳಿ ಎಂದಳು. ಆ ಕೋಳಿಯೇ ಸರಿ. ಉಡುಗೊರೆ ಕೊಟ್ಟವರ ಎದುರಿಗೇ ಪೊಟ್ಟಣ ಬಿಚ್ಚಿದವನನ್ನು ಹಸಿದ ನಾಯಿ ಎಂದಳು. ನಾಯಿಯೇ ಸರಿ. ಇಡೀ ಪುಟ ಮುಗಿದಾಗ ಅತ್ತೆ ಮೆಚ್ಚಿದ್ದೆಲ್ಲ ತಪ್ಪಾಗಿತ್ತು, ಅತ್ತೆ ಬೈದದ್ದೆಲ್ಲ ಸರಿಯಾಗಿತ್ತು. ಇಷ್ಟು ದಿನ ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದೆನಲ್ಲ ಎಂದು ವೆನ್‌ಲಾನ್‌ಗೆ ನಗು ತಡೆಯಲಾಗಲಿಲ್ಲ.

ಅಂದಿನಿಂದ ಅದೇ ಅಭ್ಯಾಸ. ಊಟವಾದ ಮೇಲೆ ಅತ್ತೆ ಏನಾದರೊಂದು ಕೈಗೆಲಸ ಹಿಡಿದು ಕೂರುವಳು, ಸೊಸೆ ಓದುವಳು. ನಿಜ ಹೇಳಬೇಕೆಂದರೆ ಗುಯಿಫೆನ್‌ಗೆ ಅದರಲ್ಲಿ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು. ಇಷ್ಟೊಂದು ನಾಚಿಕೆಗೆಟ್ಟವರನ್ನು ಒಟ್ಟಿಗೆ ಬೈಯುವ ಅವಕಾಶ ದೋಣಿಕಟ್ಟೆ ಬಿಟ್ಟ ಮೇಲೆ ಅವಳಿಗೆ ಸಿಕ್ಕಿರಲಿಲ್ಲ. ಆ ಪುಸ್ತಕದ ಜನರನ್ನು ಅವಳು ನೆರೆಹೊರೆಯವರ ಹಾಗೆ ಗುರುತಿಟ್ಟುಕೊಂಡಳು. ಬಿಲ್ ಎಂಬವನು ಕೊಟ್ಟದ್ದೆಲ್ಲ ತಿನ್ನುವ ಹೊಟ್ಟೆಬಾಕ. ಜೇನ್ ಎಂಬವಳಿಗೆ ಕೋಟಿನ ಜಂಬ. ಇವತ್ತು ಆ ಹೊಟ್ಟೆಬಾಕ ಬಂದಿದ್ದಾನೋ ಇಲ್ಲವೋ ಎಂದು ತಾನಾಗಿಯೇ ಕೇಳುತ್ತಿದ್ದಳು. ವೆನ್‌ಲಾನ್ ಮಾದರಿ ಪತ್ರಿಕೆಗಳಲ್ಲಿ ಗುರುತು ಹಾಕುವ ಮೊದಲು ಕಣ್ಣು ಮುಚ್ಚಿ, ಇದಕ್ಕೆ ಅಮ್ಮ ಬೈಯುತ್ತಾಳೋ ಇಲ್ಲವೋ ಎಂದು ಯೋಚಿಸುವುದನ್ನು ಕಲಿತಳು. ಅಂಕಗಳು ಏರತೊಡಗಿದವು.

ಹೀಗೆ ಸುಖವಾಗಿ ಸಾಗುತ್ತಿದ್ದ ದೋಣಿ ಸೆಪ್ಟೆಂಬರಿನಲ್ಲಿ ಬಂಡೆಗೆ ತಾಗಿತು. ಒಂದು ಸಂಜೆ ಸೂ ಯುಜೆನ್ ಉಪ್ಪಿನಕಾಯಿ ಜಾಡಿಯ ಮುಚ್ಚಳ ಹಿಂತಿರುಗಿಸಲು ಮೇಲೆ ಬಂದಳು. ಆಗಷ್ಟೇ ಎರಡು ಪುಟ ಸಂಭಾಷಣೆ ಮುಗಿದಿತ್ತು. ಗುಯಿಫೆನ್ ಬಿಸಿನೀರಿನ ಫ್ಲಾಸ್ಕು ಎತ್ತಿ ಚಹಾ ಹಾಕಲೇ ಎಂದು ಕೇಳಿದಳು. ಬೇಡ ಬೇಡ, ಈಗಷ್ಟೇ ಕುಡಿದೆ ಎಂದಳು ಸೂ. ಕುಡಿದಿರಲಿಲ್ಲವೆಂಬುದು ಎಲ್ಲರಿಗೂ ಗೊತ್ತು. ಬೇಡ ಅನ್ನುತ್ತಿರುವಾಗಲೇ ಬಟ್ಟಲು ತುಂಬಬೇಕು, ಅವಳು ಕೈ ಅಡ್ಡ ಹಿಡಿಯಬೇಕು, ಇವಳು ಆ ಕೈ ಸರಿಸಬೇಕು, ಆಮೇಲೆ ಅವಳು ಕೂತು ಎರಡು ಬಟ್ಟಲು ಕುಡಿಯಬೇಕು. ಅದರ ಬದಲು ಗುಯಿಫೆನ್, ಯಾವ ಭೂತ ಹೊಕ್ಕಿತ್ತೋ, "ಹಾಗಾದ್ರೆ ಸರಿ" ಎಂದು ಫ್ಲಾಸ್ಕಿನ ಮುಚ್ಚಳ ಹಾಕಿ ಕೆಳಗಿಟ್ಟಳು.

ಸೂ ಸ್ವಲ್ಪ ಹೊತ್ತು ಒಣಗಿದ ನಾಲಿಗೆಯಲ್ಲೇ ಕೂತಿದ್ದಳು, ಆಮೇಲೆ ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಎದ್ದು ಹೋದಳು. ಮೇಲಿನ ಮನೆಯಲ್ಲಿ ಬಾಯಿಗೆ ಒಂದು ತೊಟ್ಟು ನೀರು ಬಿಡುವವರಿಲ್ಲ ಎಂಬ ಸುದ್ದಿ ಬೆಳಗಾಗುವಷ್ಟರಲ್ಲಿ ಎಲ್ಲ ಮೆಟ್ಟಿಲುಗಳನ್ನೂ ಹತ್ತಿ ಇಳಿದಿತ್ತು.

ತಾನು ಮಾಡಿದ್ದು ಅರಿವಾದಾಗ ಗುಯಿಫೆನ್ ಅಡುಗೆಮನೆಗೆ ಓಡಿದಳು. ಅಂಚಿಗೆ ಶುಂಠಿ ಇಟ್ಟು, ವಿನೆಗರ್ ಸುರಿದು, ಒಂದು ತಟ್ಟೆ ತಣ್ಣನೆಯ ಹಂದಿಮಾಂಸ ಹಿಡಿದು ಕೆಳಗಿಳಿದಳು. ಹೋದ ಹಾಗೇ ತಟ್ಟೆಯ ಸಮೇತ ವಾಪಸು ಬಂದಳು.

"ಬೇಡ ಅಂದ್ಲು," ಎಂದಳು ಸೊಸೆಗೆ. "ಮೂರ್ ಸಲ ಬೇಡ ಅಂದ್ಲು. ಅದ್ಯಾವ ಬೇಡ ಅಂತ ನಂಗೆ ಗೊತ್ತಾಗ್ಲಿಲ್ಲ ಕಣೆ. ಮೊದ್ಲು ಗೊತ್ತಾಗ್ತಿತ್ತು."

ವೆನ್‌ಲಾನ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದೇ ಮೆಟ್ಟಿಲಲ್ಲಿ ಒಟ್ಟಿಗೆ ಮುದುಕಿಯರಾದವರ ಸ್ನೇಹಕ್ಕೆ ತನ್ನ ಪುಸ್ತಕ ಹುಳಿ ಹಿಂಡಿತಲ್ಲ ಎಂದು ಪುಸ್ತಕ ಮುಚ್ಚಿಟ್ಟಳು. ಇನ್ನು ಮೇಲೆ ಒಬ್ಬಳೇ ಓದಿಕೊಳ್ಳುತ್ತೇನೆ, ಇದೆಲ್ಲ ಸಾಕು ಅಂದಳು. ಗುಯಿಫೆನ್ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಮಾನ ಹೋಗಿದ್ದಾಯ್ತು. ಈಗ ನೀನೂ ಬಿದ್ರೆ ಎರಡೂ ಹೋಯ್ತಲ್ಲ. ಓದು."

ಓದಿದಳು. ಆದರೆ ದಿಕ್ಸೂಚಿ ಕೆಟ್ಟಿತ್ತು. ಬಿಲ್ ಇನ್ನೊಂದು ತುಂಡು ಕೇಕು ಹಾಕಿಸಿಕೊಂಡದ್ದಕ್ಕೆ ಅತ್ತೆ ಬೈಯಲಿಲ್ಲ. ತಿನ್ನಲಿ ಬಿಡು, ಹಸಿವಾಗಿದೆ ಪಾಪ ಎಂದಳು. ಜೇನ್ ತನ್ನ ಹಾಡು ಮೆಚ್ಚಿದವರಿಗೆ ಥ್ಯಾಂಕ್ಯೂ ಅಂದಾಗ, ಒಳ್ಳೆಯ ಮಾತು ಹೇಳಿದವರ ಬಾಯಿ ಮುಚ್ಚಿಸುವುದಕ್ಕಿಂತ ಇದು ವಾಸಿ ಎಂದಳು. ಅದರ ಮೇಲೆ ಎಲ್ಲ ಉತ್ತರಗಳನ್ನೂ ಸರಿಯಾಗಿ ಹೇಳತೊಡಗಿದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಇಲ್ಲಿ ಅತ್ತೆಗೆ ಒಳ್ಳೆಯ ಕಾಲ ಬಂದು ಸೊಸೆಗೆ ಕುತ್ತಾಯಿತು. ಬೈಗುಳ ಕೇಳಿಯೇ ಉತ್ತರ ಗುರುತಿಸಲು ಕಲಿತವಳಿಗೆ ಪರೀಕ್ಷೆ ಹತ್ತಿರವಾದಾಗ ಬೈಯುವವರೇ ಇಲ್ಲ.

ಅಕ್ಟೋಬರಿನ ಆ ಭಾನುವಾರ ಪರೀಕ್ಷೆಯ ಕೋಣೆಯ ಕಿಟಕಿಯಾಚೆ ಗುಯಿಹುವಾ ಮರ ಹೂಬಿಟ್ಟು ಇಡೀ ಅಂಗಳ ಘಮಘಮ ಅನ್ನುತ್ತಿತ್ತು. ವ್ಯಾಕರಣವನ್ನು ವೆನ್‌ಲಾನ್ ಎಂದಿನಂತೆ ಆರಿಸಿ ಎಸೆದಳು. ಸಂಭಾಷಣೆಗೆ ಬಂದಾಗ ಕಣ್ಣು ಮುಚ್ಚಿ ಜೂನ್ ತಿಂಗಳ ಅತ್ತೆಯನ್ನು ಕರೆದಳು, ಸೋಯಾ ಕಾಳು ಸುಲಿಯುತ್ತಿದ್ದವಳನ್ನು. ಅವಳು ಬಂದಳು, ಬೈದಳು. ಬೈದದ್ದಕ್ಕೆಲ್ಲ ಗುರುತು ಬಿತ್ತು. ಒಂದು ಪ್ರಶ್ನೆಯ ಹತ್ತಿರ ಮಾತ್ರ ಪೆನ್ಸಿಲು ನಿಂತಿತು.

ಒಬ್ಬ ಹೆಂಗಸು ಇನ್ನೊಬ್ಬಳಿಗೆ, ನಿಮ್ಮ ಮಗಳು ಎಷ್ಟು ಜಾಣೆ ಅನ್ನುತ್ತಾಳೆ. ತಾಯಿ ಏನು ಹೇಳಬೇಕು? ಮೊದಲ ಉತ್ತರದಲ್ಲಿ ಇಲ್ಲ ಇಲ್ಲ, ಅವಳು ಮಂಕು ಎಂದಿತ್ತು. ಕೊನೆಯದರಲ್ಲಿ, ಥ್ಯಾಂಕ್ಯೂ, ಅವಳು ತುಂಬ ಕಷ್ಟಪಟ್ಟಿದ್ದಾಳೆ ಎಂದಿತ್ತು. ಸರಿಯುತ್ತರ ಯಾವುದೆಂದು ಅವಳಿಗೆ ತಕ್ಷಣ ಗೊತ್ತಾಯಿತು. ಆದರೂ ಅವಳು ಬರೆಯದೆ ಕೂತಳು. ಆ ಮಗಳು ಎಲ್ಲಿದ್ದಾಳೆ? ಪ್ರಶ್ನೆಯಲ್ಲಿ ಅವಳಿಗೆ ಮಾತಿಲ್ಲ, ಹೆಸರೂ ಇಲ್ಲ. ತಾಯಿಯ ಹಿಂದೆಯೇ ಎಲ್ಲೋ, ಮೆಟ್ಟಿಲ ಮೇಲೆ ತರಕಾರಿ ಚೀಲ ಹಿಡಿದು ನಿಂತು ಕೇಳಿಸಿಕೊಳ್ಳುತ್ತಿರಬೇಕು. ವೆನ್‌ಲಾನ್‌ಗೆ ಆ ಹುಡುಗಿಯ ಮೇಲೆ ಮರುಕ ಉಕ್ಕಿ ಬಂತು. ಕೊನೆಯ ಉತ್ತರಕ್ಕೆ ಕಾಗದ ಹರಿಯುವಷ್ಟು ಒತ್ತಿ ಗುರುತು ಹಾಕಿದಳು. ಆ ಒಂದು ಗುರುತನ್ನು ಅವಳು ಅಂಕಕ್ಕಾಗಿ ಹಾಕಲಿಲ್ಲ.

ಫಲಿತಾಂಶ ಬಂದದ್ದು ಚಳಿಗಾಲದಲ್ಲಿ, ಮನೆಮನೆಯ ಬಾಲ್ಕನಿಯಲ್ಲಿ ಉಪ್ಪು ಹಚ್ಚಿದ ಬಾತುಕೋಳಿಗಳು ನೇತಾಡುವ ಹೊತ್ತಿಗೆ. ಕಾರ್ಖಾನೆಯ ಕಂಪ್ಯೂಟರಿನಲ್ಲಿ ತನ್ನ ಸಂಖ್ಯೆ ಒತ್ತಿದಳು, ಮುಖ್ಯಸ್ಥ ಹೆಗಲ ಮೇಲಿಂದ ಇಣುಕಿದ. ಪಾಸು. ದಂಡಿಯಾಗಿಯೇನಲ್ಲ, ಆದರೆ ಸಾಕಷ್ಟು ಮೇಲಕ್ಕೆ. ಇಡೀ ದಾರಿ ಸೈಕಲ್ಲು ತುಳಿಯುತ್ತಾ ಅವಳು ಒಬ್ಬಳೇ ನಗುತ್ತಿದ್ದಳು.

ಅತ್ತೆ ಸುದ್ದಿ ಕೇಳಿ ತಲೆ ಅಲ್ಲಾಡಿಸಿದಳು. "ಆಯ್ತಲ್ಲ. ಕೈ ತೊಳ್ಕೊ, ಅನ್ನ ಆರ್ತದೆ." ಅಷ್ಟೇ. ಆದರೆ ಆ ದಿನ ಮೀನಿನ ತಲೆಯ ಸಾರು ಇತ್ತು, ಅದರಲ್ಲಿ ಎಲ್ಲಕ್ಕಿಂತ ರುಚಿಯಾದ ಕೆನ್ನೆಯ ತುಂಡು ವೆನ್‌ಲಾನ್‌ಳ ಬಟ್ಟಲಿಗೇ ಬಂತು. ಇನ್ನೇನು ಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಇನ್ನೂ ಏನೋ ಬೇಕಿತ್ತು ಎಂಬುದು ಅವಳಿಗೂ ಗೊತ್ತಿತ್ತು.

ಮರುದಿನ ಚಾಂದ್ರಮಾನ ಪಂಚಾಂಗದ ಹನ್ನೆರಡನೆಯ ತಿಂಗಳ ಎಂಟನೆಯ ದಿನ, ಎಲ್ಲರ ಮನೆಯಲ್ಲೂ ಕಾಳುಗಳ ಗಂಜಿ ಬೇಯುವ ದಿನ. ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಹೊಸ್ತಿಲಲ್ಲಿ ಸೂ ಯುಜೆನ್ ನಿಂತಿದ್ದಳು, ಕೈಯಲ್ಲಿ ಹಬೆಯಾಡುವ ಗಂಜಿಯ ಬೋಗುಣಿ. ಸೆಪ್ಟೆಂಬರಿನಿಂದ ಮುಖ ಊದಿಸಿಕೊಂಡೇ ಮೆಟ್ಟಿಲು ಹತ್ತಿ ಇಳಿದವಳು, ಈಗ ತಾನಾಗಿ ಬಂದಿದ್ದಳು. ಬರಲಿಕ್ಕೆ ಒಂದು ನೆಪ ಬೇಕಿತ್ತು, ವೆನ್‌ಲಾನ್ ಪಾಸಾದ ಸುದ್ದಿ ಅದನ್ನು ಒದಗಿಸಿಕೊಟ್ಟಿತ್ತು. ಈ ಸಲವಾದರೂ ಎಲ್ಲ ಸರಿಯಾಗಿ ನಡೆಯಲಪ್ಪಾ ಎಂದು ವೆನ್‌ಲಾನ್ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

"ಗುಯಿಫೆನ್, ನಿನ್ ಸೊಸೆ ಇಡೀ ಕಾರ್ಖಾನೆಗೆ ಹೆಸರು ತಂದ್ಲಂತೆ," ಎಂದಳು ಸೂ. "ಎಂಥಾ ಜಾಣೆ ನೋಡು."

ಇದು ಹಳೆಯ ಮಾತು, ಇದಕ್ಕೆ ಹಳೆಯ ಉತ್ತರವಿತ್ತು. ಅದನ್ನು ಹೇಳಿದರೆ ಮುರಿದ ಸ್ನೇಹ ತಾನೇ ತಾನಾಗಿ ಕೂಡಿಕೊಳ್ಳುತ್ತಿತ್ತು. ಗುಯಿಫೆನ್ ಬಾಯಿ ತೆರೆದಳು. "ಎಲ್ಲಿ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಸೂ ಯುಜೆನ್‌ಳ ಮುಖ ನೋಡಿದಳು, ಬೋಗುಣಿ ನೋಡಿದಳು, ಸೊಸೆಯ ಕಡೆಗೆ ಮಾತ್ರ ನೋಡಲಿಲ್ಲ.

"ಹೌದು ಸೂ ಅಕ್ಕ," ಎಂದಳು. "ಜಾಣೇನೇ. ಬಿದ್ರೂ ಎದ್ಲು. ತುಂಬಾ ಕಷ್ಟಪಟ್ಲು ಹುಡುಗಿ."

ಸೂ ಯುಜೆನ್ ಅಷ್ಟು ವರ್ಷ ಬದುಕಿದ್ದಳು, ಇಂಥ ಮಾತಿಗೆ ಮುಂದೇನು ಹೇಳಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಬೋಗುಣಿ ಹಿಡಿದು ಹಾಗೇ ನಿಂತಳು. ಗುಯಿಫೆನ್ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಅವಳನ್ನು ರಟ್ಟೆ ಹಿಡಿದು ಕುರ್ಚಿಯಲ್ಲಿ ಕೂರಿಸಿ, ಕೇಳದೆಯೇ ಫ್ಲಾಸ್ಕು ಎತ್ತಿದಳು. ಬೇಡ ಬೇಡ ಎಂದು ಸೂ ಕೈ ಅಡ್ಡ ಹಿಡಿದಳು. ಗುಯಿಫೆನ್ ಆ ಕೈ ಸರಿಸಿ ಬಟ್ಟಲಿನ ಚಹಾ ಎಲೆಯ ಮೇಲೆ ಬಿಸಿನೀರು ಸುರಿದಳು. ಸೂ ಯುಜೆನ್‌ಳ ಮುಖ ಸಡಿಲವಾಯಿತು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು.

ಇಷ್ಟು ವರ್ಷ ಕಾದ ಮಾತು ವೆನ್‌ಲಾನ್‌ಳ ಕಿವಿಗೆ ಬಿದ್ದಿತ್ತು. ಅದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು ಮುಂದೆ ಬಂದು, ತಲೆ ತಗ್ಗಿಸಿ, ಬಾಯಿಗೆ ಬಂದದ್ದನ್ನು ಹೇಳಿದಳು.

"ಇಲ್ಲ ಸೂ ದೊಡ್ಡಮ್ಮ, ನಂದೇನಿದೆ. ಅಮ್ಮ ಸುಮ್ನೆ ಹೇಳ್ತಾರೆ. ಏನೋ ಅದೃಷ್ಟ..."

"ತಪ್ಪು," ಎಂದಳು ಗುಯಿಫೆನ್, ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ.

ಸೂ ಏನೂ ಅರ್ಥವಾಗದೆ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು.

"ಇನ್ನೊಂದ್ಸಲ ಹೇಳು," ಎಂದಳು ಅತ್ತೆ. ಈ ಸಲ ಸೊಸೆಯ ಮುಖವನ್ನೇ ನೋಡುತ್ತಿದ್ದಳು.

ವೆನ್‌ಲಾನ್ ಕಣ್ಣು ಒರೆಸಿಕೊಂಡಳು. "ಥ್ಯಾಂಕ್ಯೂ ಅಮ್ಮ," ಎಂದಳು.

"ಈಗ ಸರಿ," ಎಂದು ಗುಯಿಫೆನ್ ಗಂಜಿಗೆ ಚಮಚ ತರಲು ಒಳಗೆ ಹೋದಳು.